ಬರ್ತ್ ಕಸಿದವರಾರು?



ಈ ಸಲ ಬೇರೆಯೇ ಒಂದು ವಿಷಯವನ್ನು ಬರೆಯಬೇಕೆಂದಿದ್ದೆ. ಆದರೆ ಮನೆಯೊಳಗೇ ಒಂದು ವ್ಯಾಜ್ಯ ಹುಟ್ಟಿಕೊಂಡು, ಅದು ತೀರುವ ತನಕ ಲೇಖನಿ ಮುಂದೆ ಸಾಗದಂತಾಗಿದೆ. ಫಿರ್ಯಾದಿ ನನ್ನ ಅಕ್ಕ, ಆರೋಪಿ ನಾನು.

ಸಂಗತಿ ಇಷ್ಟೆ. ಕಲಬುರಗಿಯಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗನ ಜವಳ. ನಾಸಿಕದಿಂದ ನಾನು, ನನ್ನಾಕೆ, ಮಗ, ತಾಯಿ—ನಾಲ್ವರು. ಸಂಭಾಜಿನಗರದಿಂದ ಅಕ್ಕ, ಭಾವ, ಅವರ ಮಗಳು, ಅಕ್ಕನ ಅತ್ತೆ—ಅವರೂ ನಾಲ್ವರು. ಈ ಕಡೆಯ ಕನ್ನಡಿಗರಿಗೆ ಹೇಳಬೇಕಾದ್ದಿಲ್ಲ, ಎರಡೂ ಊರಿನವರಿಗೆ ತವರಿನ ಹೆಬ್ಬಾಗಿಲೆಂದರೆ ಮನಮಾಡ ಜಂಕ್ಷನ್. ದಿಲ್ಲಿಯಿಂದ ಬರುವ ಕರ್ನಾಟಕ ಎಕ್ಸ್‌ಪ್ರೆಸ್ಸನ್ನು ಅಲ್ಲಿ ಹಿಡಿದರೆ ಸೋಲಾಪುರ ದಾಟಿ ಕಲಬುರಗಿ. (೧೯೫೬ರ ತನಕ ಔರಂಗಾಬಾದೂ ಕಲಬುರಗಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು, ಅಕ್ಕನ ಅತ್ತೆಯವರಿಗೆ ಅದು ಈಗಲೂ ಪರರಾಜ್ಯವೆನಿಸದು.)

ಒಂದು ರಾತ್ರಿ ಊಟವಾದ ಮೇಲೆ ಇಲ್ಲಿ ನನ್ನಾಕೆ, ಅಲ್ಲಿ ಭಾವ, ಒಬ್ಬರಿಗೊಬ್ಬರು ತಿಳಿಸದೆ ಮೊಬೈಲು ಹಿಡಿದು ಕುಳಿತರು. ಇಬ್ಬರ ಕಣ್ಣಿಗೂ ಕಂಡದ್ದು ಒಂದೇ: ಆರು ಬರ್ತುಗಳು ಖಾಲಿ. ಇಬ್ಬರೂ ನಾಲ್ಕು ನಾಲ್ಕು ಕೇಳಿದರು. ನಮಗೆ ನಾಲ್ಕೂ ಸಿಕ್ಕವು. ಭಾವನಿಗೆ ಎರಡು ಬರ್ತು, ಇನ್ನೆರಡು ವೇಟಿಂಗ್ ಲಿಸ್ಟು. ಮರುದಿನ ಬೆಳಗ್ಗೆ ಅಕ್ಕನ ಫೋನು: "ಏನೋ, ನಮ್ಮ ಬರ್ತ್ ಕಸಗೊಂಡು ಕೂತಿಯಲ್ಲೋ! ಆರು ಅವ ಅಂತ ಅವರು ಕಣ್ಣಾರೆ ನೋಡ್ಯಾರ."

ಕಣ್ಣಾರೆ ಕಂಡದ್ದು ನಿಜ. ಆದರೆ ಕಂಡದ್ದು ಬೇರೆ, ಹಿಡಿದದ್ದು ಬೇರೆ. ಇದನ್ನು ನನಗೆ ತಿಳಿಸಿಕೊಟ್ಟವಳು ಕಂಪ್ಯೂಟರ್ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳೇ. "ಮಾಮಾ, ಇದರಾಗ ನಿಮ್ಮದೂ ತಪ್ಪಿಲ್ಲ, ಅಪ್ಪಂದೂ ತಪ್ಪಿಲ್ಲ. ಇದು ಬೀಗದ ಮಾತು" ಎಂದಳು. ಬಿ.ಎ. ಓದಿದ ಕಾರಕೂನನ ತಲೆಗೆ ಹತ್ತಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಹಿಂದೆ ರಿಜರ್ವೇಶನ್ ಕೌಂಟರಿನಲ್ಲಿ ದಪ್ಪ ವಹಿ ಇರುತ್ತಿತ್ತು. ವಹಿ ಒಂದೇ, ಅದನ್ನು ಹಿಡಿದ ಕೈಯೂ ಒಂದೇ. ಆದ್ದರಿಂದ ಬೀಗದ ಪ್ರಶ್ನೆಯೇ ಏಳುತ್ತಿರಲಿಲ್ಲ. ೧೯೮೫ರಲ್ಲಿ ದಿಲ್ಲಿಯಲ್ಲಿ ಕಂಪ್ಯೂಟರ್ ಬಂತು. ೧೯೯೯ರಲ್ಲಿ ದಿಲ್ಲಿ, ಮುಂಬಯಿ, ಕಲಕತ್ತಾ, ಮದ್ರಾಸು, ಸಿಕಂದರಾಬಾದು ಈ ಐದೂ ಕೇಂದ್ರಗಳು ಒಂದಕ್ಕೊಂದು ಜೋಡಿಸಲ್ಪಟ್ಟವು. ೨೦೦೨ರಲ್ಲಿ ಟಿಕೇಟು ಮನೆಯೊಳಗೇ ಬಂತು. ಈಗ ಒಂದೇ ವಹಿಗೆ ದೇಶದ ಲಕ್ಷಾಂತರ ಕೈಗಳು.

ಲಕ್ಷ ಕೈಗಳು ಒಂದೇ ಸಾಲನ್ನು ತಿದ್ದಹೋದರೆ ಏನಾದೀತು? ವೇಟಿಂಗ್ ಲಿಸ್ಟಿನಿಂದ ಒಬ್ಬರ ಹೆಸರನ್ನು ತೆಗೆದು ಬರ್ತಿಗೆ ಬರೆಯುವ ಕೆಲಸವನ್ನೇ ನೋಡಿ. ಅಲ್ಲಿ ತೆಗೆದಾಯಿತು, ಇಲ್ಲಿ ಬರೆದಿಲ್ಲ. ಆ ಅರೆಗಳಿಗೆಯಲ್ಲಿ ಆ ಪ್ರಯಾಣಿಕ ಎಲ್ಲಿಯೂ ಇಲ್ಲ! ಆಗಲೇ ಯಾರಾದರೂ ತಲೆ ಎಣಿಸಿದರೆ ಒಂದು ತಲೆ ಕಡಿಮೆ. ಆದುದರಿಂದ ಎರಡೂ ಸೇರಿ ಒಂದೇ 'ವ್ಯವಹಾರ'; ಆದರೆ ಎರಡೂ ಆಗಬೇಕು, ಇಲ್ಲವಾದರೆ ಒಂದೂ ಆಗಬಾರದು. ಅಲ್ಲಿಯ ತನಕ ಆ ಸಾಲುಗಳಿಗೆ ಬೀಗ. ಓದುವ ಬೀಗವನ್ನು ಹತ್ತು ಜನ ಒಟ್ಟಿಗೆ ಹಾಕಬಹುದು. ಬರೆಯುವ ಬೀಗ ಒಬ್ಬನದೇ.

ಕೋಷ್ಟಕಗಳಲ್ಲಿ ಮಾಹಿತಿಯನ್ನು ಇಡುವ ರಿಲೇಶನಲ್ ಪದ್ಧತಿಯನ್ನು ೧೯೭೦ರಲ್ಲಿ ಕಾಡ್ ಎಂಬವರು ಮುಂದಿಟ್ಟರು. ಅದಕ್ಕೆ ಬೀಗದ ಶಾಸ್ತ್ರವನ್ನು ಕಟ್ಟಿದವರು ೧೯೭೬ರಲ್ಲಿ ಈಶ್ವರನ್, ಜಿಮ್ ಗ್ರೇ, ಲೋರಿ, ಟ್ರೇಗರ್ ಎಂಬ ಐ.ಬಿ.ಎಂ. ಕಂಪನಿಯ ನಾಲ್ವರು. ಅವರ ನಿಯಮ ಕೇಳಲು ಸುಲಭ: ಬೇಕಾದ ಬೀಗಗಳನ್ನೆಲ್ಲ ಹಾಕುತ್ತ ಹೋಗು, ಒಂದನ್ನು ತೆಗೆದೆಯೋ, ಆಮೇಲೆ ಹೊಸದನ್ನು ಹಾಕಬೇಡ. ಇಷ್ಟನ್ನು ಎಲ್ಲರೂ ಪಾಲಿಸಿದರೆ, ಸಾವಿರ ವ್ಯವಹಾರಗಳು ಹೆಣೆದುಕೊಂಡು ನಡೆದರೂ ಫಲ ಮಾತ್ರ ಒಂದಾದ ಮೇಲೊಂದು ನಡೆದಂತೆಯೇ.

ಹಾಗಾದರೆ ಭಾವ ಆರು ಎಂದು ನೋಡಿದ ಕ್ಷಣವೇ ಅವರ ನಾಲ್ಕಕ್ಕೆ ಬೀಗ ಏಕೆ ಬೀಳಲಿಲ್ಲ? ಅಕ್ಕನ ಪ್ರಶ್ನೆಯೂ ಇದೇ. ನೋಡಿದವರಿಗೆಲ್ಲ ಬೀಗ ಕೊಟ್ಟರೆ, ಭಾವ ಕನ್ನಡಕ ಹುಡುಕುವಾಗ, ಬ್ಯಾಂಕಿನ ಸಂಖ್ಯೆಗಾಗಿ ಮಗಳನ್ನು ಕೂಗುವಾಗ, ಇಡೀ ದೇಶ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಮನುಷ್ಯ ಯೋಚಿಸುವಷ್ಟು ಹೊತ್ತು ಬೀಗವನ್ನು ಹಿಡಿದಿರಬಾರದು ಎಂಬುದು ಬಲ್ಲವರ ಮಾತು. ಪರದೆಯ ಮೇಲಿನ ಆರು ಎಂಬುದು ಆ ಗಳಿಗೆಯ ಸುದ್ದಿಯೇ ಹೊರತು ವಚನವಲ್ಲ. ಹಣ ಸಂದಾಯವಾದ ಮೇಲೆಯೇ ಬರ್ತು ಹೆಸರಿಗೆ ಬೀಳುವುದು. ಸಿನೆಮಾ ಟಿಕೇಟಿನವರು ಗಡಿಯಾರ ಇಟ್ಟು ನಾಲ್ಕಾರು ನಿಮಿಷ ಖುರ್ಚಿಯನ್ನು ಕಾದಿಡುತ್ತಾರೆ. ಅದು ಗಡುವಿನ ಬೀಗ, ಅವರಿಗೆ ಒಪ್ಪುತ್ತದೆ.

ಇಲ್ಲಿಗೆ ಬಂದಾಗ ನನಗೆ ನನ್ನದೇ ಒಂದು ಹಳೆಯ ಬೀಗ ನೆನಪಾಯಿತು. ಅಕ್ಕನ ಆರೋಪದಿಂದ ಪಾರಾಗುವ ಭರದಲ್ಲಿ ಅದನ್ನು ಮುಚ್ಚಿಡುವುದು ಸರಿಯಲ್ಲ.

ನೌಕರಿಯ ಮೊದಲ ವರ್ಷ. ಸಂಭಾಜಿನಗರದ ಒಂದು ಕಚೇರಿ. ವಾರಸಾ ನೋಂದಣಿಯ ರಜಿಸ್ಟರು ನನ್ನ ಮೇಜಿನ ಮೇಲೆ. ನಲವತ್ತನೆಯ ಪುಟದಲ್ಲಿ ನನ್ನದೊಂದು ನೋಂದಣಿ ಅರ್ಧವಾಗಿತ್ತು. ಅಷ್ಟರಲ್ಲಿ ಧಾರವಾಡಕ್ಕೆ ಹೋಗಬೇಕಾಗಿ ಬಂತು. ಬೇರೆಯವರು ಕೈಯಾಡಿಸಿ ಕೆಡಿಸಿಯಾರೆಂದು ಇಡೀ ರಜಿಸ್ಟರನ್ನು ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ ನಾಲ್ಕು ದಿನ ರಜೆ ಹೋದೆ. ಬಹಳ ದಕ್ಷನೆಂದು ನನಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ಉಂಟು. ವೈಜಾಪುರದ ಕಡೆಯ ಒಬ್ಬ ಮುದುಕಿ, ಗಂಡ ತೀರಿಹೋದವಳು, ಆ ನಾಲ್ಕು ದಿನಗಳಲ್ಲಿ ಎರಡು ಸಲ ಬಸ್ಸು ಹಿಡಿದು ಬಂದು ಬರಿಗೈಯಲ್ಲಿ ಹಿಂದಿರುಗಿದಳಂತೆ. ಅವಳ ಹೆಸರಿದ್ದದ್ದು ನೂರಹನ್ನೆರಡನೆಯ ಪುಟದಲ್ಲಿ! ನಾನು ಬಂದ ದಿನ ಮೂರನೆಯ ಸಲ ಬಂದಳು. ಬೈದಿದ್ದರೆ ಹಗುರಾಗುತ್ತಿತ್ತು. "ಹೋಈಲ ನಾ ಕಾಮ, ಬಾಳಾ?"—ಕೆಲಸ ಆದೀತಲ್ಲವೆ, ಮಗೂ?—ಎಂದಳು, ಅಷ್ಟೆ. ಹತ್ತು ನಿಮಿಷದ ಕೆಲಸವಾಗಿತ್ತು.

ಗ್ರೇ ಮತ್ತು ಅವರ ಸಂಗಡಿಗರು ೧೯೭೫ರಲ್ಲೇ ಇದಕ್ಕೆ ಉಪಾಯ ಬರೆದಿಟ್ಟಿದ್ದರೆಂದು ಈಗ ತಿಳಿಯಿತು. ಇಡೀ ರಜಿಸ್ಟರಿಗೆ ಬೀಗ ಬೇಡ, ಸಾಲಿಗೆ ಹಾಕು. ರಟ್ಟಿನ ಮೇಲೆ 'ಒಳಗೆ ಒಂದು ಸಾಲಿನ ಕೆಲಸ ನಡೆದಿದೆ' ಎಂಬ ಚೀಟಿಯನ್ನು ಅಂಟಿಸು. ಬೇರೆ ಸಾಲು ಬೇಕಾದವನು ಚೀಟಿ ನೋಡಿಯೂ ಒಳಗೆ ಹೋಗಬಹುದು. ಇಡೀ ರಜಿಸ್ಟರೇ ಬೇಕಾದವನು ಮಾತ್ರ ಕಾಯಬೇಕು. (ಈ ಗ್ರೇ ಮಹಾಶಯರಿಗೆ ೧೯೯೮ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ೨೦೦೭ರಲ್ಲಿ ಹಾಯಿದೋಣಿಯಲ್ಲಿ ಒಬ್ಬರೇ ಕಡಲಿಗೆ ಹೋದವರು ಮರಳಿ ಬರಲಿಲ್ಲ.) ಸಣ್ಣ ಬೀಗಗಳೆಂದರೆ ಲೆಕ್ಕವಿಡುವ ಗೋಳು ಹೆಚ್ಚು, ನಿಜ. ಆದರೂ ಆ ಮುದುಕಿಯ ಬಸ್ ಖರ್ಚಿಗಿಂತ ಹೆಚ್ಚಲ್ಲ.

ಇನ್ನು ಡೆಡ್‌ಲಾಕ್. ಇದನ್ನು ಕಚೇರಿಯವರಿಗೆ ವಿವರಿಸಬೇಕಾಗಿಲ್ಲ. ಫೈಲು ನನ್ನಲ್ಲಿ, ರಜಿಸ್ಟರು ಪಕ್ಕದ ಮೇಜಿನವರಲ್ಲಿ. ಅವರು ಫೈಲಿಗಾಗಿ, ನಾನು ರಜಿಸ್ಟರಿಗಾಗಿ, ಇಬ್ಬರೂ ಸಜ್ಜನರಾಗಿ ಸಂಜೆಯ ತನಕ ಕಾದದ್ದುಂಟು. ಹೆಡ್ ಕ್ಲಾರ್ಕರು ಬಂದು ನನ್ನ ಕೈಯಿಂದ ಫೈಲನ್ನು ಕಿತ್ತು ಅತ್ತ ಕೊಟ್ಟರು. ಯಂತ್ರವೂ ಹೀಗೆಯೇ: ಯಾರು ಯಾರಿಗಾಗಿ ಕಾದಿದ್ದಾರೆಂದು ನೋಡಿ, ಅದು ಸುತ್ತುಬಳ್ಳಿಯಾಗಿದ್ದರೆ ಒಬ್ಬನನ್ನು ಬಲಿಗೊಟ್ಟು, ಅವನು ಮಾಡಿದ್ದನ್ನೆಲ್ಲ ಅಳಿಸಿ, ಮತ್ತೆ ಮೊದಲಿನಿಂದ ಆರಂಭಿಸು ಎನ್ನುತ್ತದೆ.

ಮೊದಲಿನಿಂದ! ಅಲ್ಲಿದೆ ಸಂಕಟ. ಕೆಲಸ ಚಿಕ್ಕದಾದರೆ ಚಿಂತೆಯಿಲ್ಲ. ಅಕ್ಕನ ಪ್ರಯಾಣದಂತೆ ಉದ್ದವಾದರೆ? ಸಂಭಾಜಿನಗರದಿಂದ ಮನಮಾಡಕ್ಕೆ ಒಂದು ಟಿಕೇಟು, ಅಲ್ಲಿಂದ ಕಲಬುರಗಿಗೆ ಇನ್ನೊಂದು, ಹಿಂದಿರುಗಲು ಮತ್ತೆರಡು. ಕಡೆಯದೊಂದು ಕೈಕೊಟ್ಟರೆ ಮೊದಲ ಮೂರನ್ನೂ ಹರಿದೆಸೆಯುವುದೆ? ಇದಕ್ಕಾಗಿಯೇ ೧೯೮೧ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಎಲಿಯಟ್ ಮಾಸ್ ಎಂಬವರು ವ್ಯವಹಾರದೊಳಗೆ ವ್ಯವಹಾರವೆಂಬ ಪ್ರಬಂಧವನ್ನು ಬರೆದರು. ನನಗೆ ಅದು ಅವಿಭಕ್ತ ಕುಟುಂಬದ ಕಟ್ಟಳೆಯಂತೆ ಕಂಡಿತು. ಮಗು ತನ್ನ ಪಾಲಿನ ಕೆಲಸಕ್ಕೆ ಬೀಗ ಹಾಕಬಹುದು. ಅಡ್ಡ ಬರುವ ಬೀಗಗಳೆಲ್ಲ ಅದರ ಹಿರಿಯರವೇ ಆಗಿದ್ದರೆ ತಕರಾರಿಲ್ಲ. ಮಗುವಿನ ಕೆಲಸ ಕೆಟ್ಟರೆ ಅದು ಮಾಡಿದ್ದಷ್ಟೇ ಅಳಿಯುತ್ತದೆ; ತಾಯಿ ಬೇರೆ ದಾರಿ ನೋಡುತ್ತಾಳೆ. ಕೈಗೂಡಿದರೆ ಕೀಲಿ ಬೀದಿಗೆ ಬೀಳದು, ತಾಯಿಯ ಸೆರಗಿನ ಗಂಟಿಗೆ ಸೇರುತ್ತದೆ. ಎಲ್ಲರಿಗೂ ಹಿರಿಯಳಾದವಳು ಮುಗಿಯಿತೆಂದಾಗಲೇ ಹೊರಗಿನವರಿಗೆ ಬಾಗಿಲು ತೆರೆಯುವುದು. ಆಕೆಯೇ ಬೇಡವೆಂದರೆ ಮಕ್ಕಳು ಮಾಡಿ ಮುಗಿಸಿದ್ದೂ ಇಲ್ಲವಾಗುತ್ತದೆ.

ಇಷ್ಟು ಪೂರ್ಣವಾಗಿ ಇದನ್ನು ಕೊಡುವ ಡೇಟಾಬೇಸುಗಳು ವಿರಳವಂತೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಒಳಗಿನ ವ್ಯವಹಾರ ಹೆಸರಿಗೆ ಮಾತ್ರ; ಒಳಗೊಬ್ಬರು ಸುಮ್ಮನೆ ಹಿಂದಕ್ಕೆಂದರೆ ಹೊರಗಿನದೂ ಕುಸಿಯುತ್ತದೆ. ಹೆಚ್ಚಿನವರು ನಡುನಡುವೆ ಗುರುತಿನ ಗೂಟ ನೆಟ್ಟು, ಕೆಟ್ಟರೆ ಆ ಗೂಟದ ತನಕ ಮಾತ್ರ ಹಿಂದೆ ಬರುತ್ತಾರೆ. ಹೀಗೆ ಅರ್ಧ ಹಿಂದೆ ಬರುವಾಗಲೂ, ನಡುವೆ ವಿದ್ಯುತ್ ಹೋದರೂ ಲೆಕ್ಕ ತಪ್ಪದಂತೆ ದಾಖಲೆ ಬರೆಯುವ ಏರೀಸ್ ಎಂಬ ಕ್ರಮವನ್ನು ೧೯೯೨ರಲ್ಲಿ ಪ್ರಕಟಿಸಿದವರಲ್ಲಿ ಮೊದಲ ಹೆಸರು ಸಿ. ಮೋಹನ್; ಮದ್ರಾಸಿನ ಐ.ಐ.ಟಿ.ಯಲ್ಲಿ ಓದಿದವರು.

ರೈಲಿನವರಲ್ಲೂ ಇದರ ನೆರಳಿದೆ. 'ಖಾತ್ರಿ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು' ಎಂಬ ಚೌಕ ಒಂದಿರುತ್ತದೆ. ಗುರುತು ಹಾಕಿದರೆ ನಾಲ್ಕೂ, ಇಲ್ಲವೆ ಒಂದೂ ಇಲ್ಲ. ಭಾವ ಹಾಕಿರಲಿಲ್ಲ, ಒಳ್ಳೆಯದೇ ಆಯಿತು, ಎರಡಾದರೂ ಉಳಿದವು. ೨೦೧೯ರ ಏಪ್ರಿಲಿನಿಂದ ಎರಡು ಟಿಕೇಟುಗಳ ಪಿ.ಎನ್.ಆರ್. ಸಂಖ್ಯೆಗಳನ್ನು ಜೋಡಿಸಲೂ ಬರುತ್ತದೆ: ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಆ ಎರಡನೆಯ ಟಿಕೇಟಿನ ಹಣ ಕಡಿತವಿಲ್ಲದೆ ಮರಳುತ್ತದೆ. ಅಕ್ಕನ ಮನಮಾಡದ ಟಿಕೇಟನ್ನೂ ಕಲಬುರಗಿಯ ಟಿಕೇಟನ್ನೂ ಮಗಳು ಹೀಗೆ ಗಂಟು ಹಾಕಿಟ್ಟಳು.

ಚಾರ್ಟು ಬಂದಾಗ ವೇಟಿಂಗ್ ಲಿಸ್ಟಿನ ಎರಡರಲ್ಲಿ ಒಂದು ಬರ್ತಾಯಿತು, ಒಂದು ಹಾಗೆಯೇ ಉಳಿಯಿತು. ಸಂಭಾಜಿನಗರದ ಗಾಡಿ ಹೊತ್ತಿಗೆ ಸರಿಯಾಗಿ ಬಂದು, ಮನಮಾಡದಲ್ಲಿ ಎಂಟೂ ಜನ ಕೂಡಿದೆವು. ಅಕ್ಕ ಡಬ್ಬಿ ಹತ್ತಿದವಳೇ ನೇರವಾಗಿ ಬಂದು ತನ್ನ ಚೀಲವನ್ನು ನನ್ನ ಬರ್ತಿನ ಮೇಲೆ ಕುಕ್ಕರಿಸಿದಳು.

"ಅಕ್ಕಾ, ಇದು ನನ್ನದು!"

"ಗೊತ್ತದನೋ. ಬರೆಯೋ ಬೀಗ ಹಾಕೇನಿ. ನೀ ನಿಮ್ಮ ಭಾವನ ಬಾಜೂಕ ಕೂಡು ಹೋಗು."

ಸೋಲಾಪುರದ ತನಕ ಹಾಗೆಯೇ ಕೂತೆ.