ಹಿಂದೆ ನಿಲ್ಲುವವನ ಸಂಬಳ

2018ರ ಮಾರ್ಚ್ 17. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್, ನಮ್ಮ ಬೆಂಗಳೂರು ಎಫ್‌ಸಿಗೂ ಚೆನ್ನೈಯಿನ್‌ಗೂ. ಒಂಬತ್ತನೇ ನಿಮಿಷಕ್ಕೇ ಸುನಿಲ್ ಛೆಟ್ರಿ ಹಾರಿ ತಲೆಕೊಟ್ಟು ಗೋಲು ಹೊಡೆದಾಗ ಪಕ್ಕದ ಸೀಟಿನ ಹುಡುಗ ನನ್ನನ್ನು ತಬ್ಬಿಕೊಂಡ. ಪರಿಚಯವಿಲ್ಲ, ಏನಿಲ್ಲ. ಆಮೇಲೆ ಚೆನ್ನೈಯಿನ್ ತಂಡದ ಬ್ರೆಜಿಲ್ ಸ್ಟಾಪರ್, ಅಂದರೆ ಹಿಂದಿನ ಸಾಲಿನ ನಡುವೆ ನಿಲ್ಲುವ ಬ್ಯಾಕ್, ಮೇಲ್ಸನ್ ಆಲ್ವಿಸ್ ವಿರಾಮಕ್ಕೆ ಮುಂಚೆಯೇ ಎರಡು ಕಾರ್ನರ್‌ಗೆ ಎರಡು ಹೆಡ್ ಹೊಡೆದು ಮುಗಿಸಿದ. ನಾವು 3–2ಕ್ಕೆ ಸೋತೆವು. ‘ಯಾರ್ ಗುರೂ ಇವ್ನು?’ ಅಂದ ಹುಡುಗ. ನನಗೂ ಹೆಸರಿನಾಚೆಗೆ ಹೆಚ್ಚೇನೂ ಗೊತ್ತಿರಲಿಲ್ಲ. ಕಸುಬು ಮಾತ್ರ ಚೆನ್ನಾಗಿ ಗೊತ್ತಿತ್ತು. ಇದೇ ಊರಿನ ಒಂದು ಸರ್ಕಾರಿ ಕಾರ್ಖಾನೆಯ ಟೀಮಿನಲ್ಲಿ ನಾನೂ ಹದಿನಾಲ್ಕು ವರ್ಷ ಸ್ಟಾಪರ್ ಆಗಿದ್ದವನು.

ಸರಿಯಾಗಿ ಒಂದು ವರ್ಷ ಕಳೆದು, 2019ರ ಮಾರ್ಚ್ 17ಕ್ಕೆ, ಮತ್ತೆ ಫೈನಲ್. ಈ ಸಲ ಮುಂಬೈಯ ಅಂಧೇರಿಯಲ್ಲಿ, ಗೋವಾ ಎದುರು. ಟಿವಿಯಲ್ಲಿ ನೋಡಿದೆ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಿತ್ತು. 117ನೇ ನಿಮಿಷದಲ್ಲಿ ದಿಮಾಸ್ ಡೆಲ್ಗಾಡೊ ಎತ್ತಿದ ಕಾರ್ನರ್‌ಗೆ ರಾಹುಲ್ ಭೇಕೆ ತಲೆಕೊಟ್ಟ. 1–0. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್ ಬಂತು. ತಂದವನು ಮುಂಬೈಯ ಒಬ್ಬ ಬ್ಯಾಕ್.

ಕಾರ್ನರ್ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಗ್ಯಾಲರಿಯಲ್ಲಿ ಕೂತವರು ಚೆಂಡು ನೋಡುತ್ತಾರೆ. ಸ್ಟಾಪರ್ ಚೆಂಡು ನೋಡಿದರೆ ಕೆಟ್ಟ. ಅವನ ಎಡಗೈ ಎದುರಾಳಿಯ ಸೊಂಟದ ಹತ್ತಿರ ಇರಬೇಕು. ಹಿಡಿಯಬಾರದು, ಹಿಡಿದರೆ ಪೆನಾಲ್ಟಿ. ಬೆರಳು ತಾಗಿಸಿಕೊಂಡಿದ್ದರೆ ಸಾಕು. ಆ ಬೆರಳಿಗೆ ಬಟ್ಟೆ ತಪ್ಪಿತೋ, ಅವನು ಹೋದ ಎಂದು ಅರ್ಥ. ಅಷ್ಟರಲ್ಲಿ ತಡವಾಗಿರುತ್ತದೆ. ಆ ರಾತ್ರಿ ಗೋವಾದವರಲ್ಲಿ ಯಾರ ಬೆರಳಿಗೆ ಭೇಕೆ ತಪ್ಪಿದನೋ, ಅವನಿಗೆ ಇವತ್ತಿಗೂ ಅದು ನೆನಪಿರುತ್ತದೆ. ನಮ್ಮ ಕಸುಬಿನಲ್ಲಿ ತೊಂಬತ್ತು ನಿಮಿಷ ಮಾಡಿದ್ದು ಯಾರಿಗೂ ಕಾಣುವುದಿಲ್ಲ, ಬಿಟ್ಟ ಒಂದು ಸೆಕೆಂಡು ಎಲ್ಲರಿಗೂ ಕಾಣುತ್ತದೆ.

ಭೇಕೆಯ ಜಾತಕ ನೋಡಿ. ಈಸ್ಟ್ ಬೆಂಗಾಲ್, ಕೇರಳ ಬ್ಲಾಸ್ಟರ್ಸ್, ಪುಣೆ ಸಿಟಿ, ಆಮೇಲೆ ಬೆಂಗಳೂರು, ಅಲ್ಲಿಂದ ತವರಿನ ಮುಂಬೈ ಸಿಟಿ, 2024ರಲ್ಲಿ ಮರಳಿ ಬೆಂಗಳೂರು. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ ಭಾರತ 3–0ರಿಂದ ಗೆದ್ದಾಗ ಮೊದಲ ಗೋಲು ಅವನದೇ ಹೆಡ್. ಅಂದು ಛೆಟ್ರಿ ನಿವೃತ್ತಿ ಬಿಟ್ಟು ಮರಳಿದ್ದರು, ಮೂರನೇ ಗೋಲು ಅವರದು. ಮರುದಿನ ಜನ ಯಾರ ಬಗ್ಗೆ ಮಾತಾಡಿದರು ಎಂದು ಹೇಳಬೇಕಿಲ್ಲ. ಛೆಟ್ರಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರು ಅದಕ್ಕೆ ಅರ್ಹರು. ಆದರೂ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ಕೂಡ ಇದೇ ಜಾತಿಯವರು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಆಟ ಕಲಿತರು, ಆದರೆ ಅದರ ದೊಡ್ಡ ಟೀಮಿನಲ್ಲಿ ಆಡಲಿಲ್ಲ. ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್ ಎಂದು ಕ್ಲಬ್ಬು ಬದಲಿಸುತ್ತಲೇ ಹೋದ ಸ್ಟಾಪರ್. ಗೂಗಲ್‌ನಲ್ಲಿ ಹೆಸರು ಹುಡುಕಿದರೆ ಅದೇ ಹೆಸರಿನ ಇನ್ನೊಬ್ಬ, ಆಸ್ಟನ್ ವಿಲ್ಲಾ, ಬರ್ನ್ಲಿಗೆ ಆಡಿದ ಮಿಡ್‌ಫೀಲ್ಡರ್ ಮೇಲೆ ಬರುತ್ತಾನೆ. ಹೆಸರಿನಲ್ಲೂ ಸ್ಟಾಪರ್ ಹಿಂದೆಯೇ! ಆ ಮನುಷ್ಯ ಇಲ್ಲಿ ಮೂರು ವರ್ಷದಲ್ಲಿ ಎರಡು ಐ–ಲೀಗ್ ಗೆದ್ದುಕೊಟ್ಟ.

ನಮ್ಮ ಕಾಲ ಬೇರೆ. ಐಟಿಐ, ಎಚ್‌ಎಎಲ್, ಬಿಇಎಂಎಲ್, ಎಂಇಜಿ, ಎಎಸ್‌ಸಿ ಹೀಗೆ ಟೀಮು ಎಂದರೆ ಕಾರ್ಖಾನೆ ಇಲ್ಲವೇ ರೆಜಿಮೆಂಟು. ಬೆಳಿಗ್ಗೆ ಪಂಚ್ ಮಾಡಿ, ಮಧ್ಯಾಹ್ನದ ಊಟ ಮುಗಿಸಿ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಮ್ಯಾಚಿಗೆ ಹೋಗುತ್ತಿದ್ದೆ. ನನ್ನ ಬಲ ಮೊಣಕಾಲು ಕೈಕೊಟ್ಟ ವರ್ಷ ಟೀಮು ನನ್ನನ್ನು ಬಿಟ್ಟಿತು, ಕಾರ್ಖಾನೆ ಬಿಡಲಿಲ್ಲ. ಸ್ಟೋರ್ಸ್‌ಗೆ ಹಾಕಿದರು. ಇಪ್ಪತ್ತು ವರ್ಷ ನಟ್ಟು, ಬೋಲ್ಟು ಎಣಿಸಿ ಪಿಎಫ್, ಗ್ರಾಚ್ಯುಟಿ ತಗೊಂಡು ಮನೆಗೆ ಬಂದೆ. ಅದು ಸ್ವರ್ಗವೇನಲ್ಲ. ಕೆಲಸ ಕಾಯಂ ಆದ ಕೂಡಲೇ ನಮ್ಮಲ್ಲಿ ಅರ್ಧ ಜನಕ್ಕೆ ಹೊಟ್ಟೆ ಬಂತು. ಕೋಲ್ಕತ್ತಾಗೆ ಹೋಗಿ ಹೆಸರು ಮಾಡಬಹುದಾಗಿದ್ದ ಇಬ್ಬರು ಕ್ವಾರ್ಟರ್ಸ್ ಬಿಟ್ಟು ಕದಲಲಿಲ್ಲ. ಆಟವೂ ಅಷ್ಟಕ್ಕೇ ನಿಂತಿತು. ಆ ಕಾಲ ವಾಪಸ್ ಬರಲಿ ಎಂದು ನಾನು ಕೇಳುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಇಡೀ ವರ್ಷದ ಅಪಾಯವನ್ನು ಆಟಗಾರನೊಬ್ಬನೇ ಯಾಕೆ ಹೊರಬೇಕು? 2025ರ ಜುಲೈನಲ್ಲಿ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ನವೀಕರಣವಾಗದೆ ಐಎಸ್‌ಎಲ್ ನಿಂತಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯೇ ತನ್ನ ಮುಖ್ಯ ತಂಡದ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು. ಕ್ಲಬ್ಬುಗಳಿಗೂ ಕಷ್ಟ ಇತ್ತು, ಒಪ್ಪುತ್ತೇನೆ. ಲೀಗ್ ಇಲ್ಲದೆ ಟಿಕೆಟ್ ಇಲ್ಲ, ಜಾಹೀರಾತಿಲ್ಲ. ಆದರೆ ಮೂವತ್ತೆರಡು ದಾಟಿದ ಬ್ಯಾಕ್‌ಗೆ ಆಡದೆ ಕಳೆದ ಒಂದು ವರ್ಷ ಬರೀ ಒಂದು ವರ್ಷವಲ್ಲ, ಉಳಿದಿರುವುದರಲ್ಲಿ ಅರ್ಧ. ಗೋಲು ಹೊಡೆಯುವವನಿಗೆ ಬೇರೆ ಬಾಗಿಲು ತೆರೆಯುತ್ತದೆ. ಸ್ಟಾಪರ್‌ನನ್ನು ಹುಡುಕಿಕೊಂಡು ಬರುವವರು ಕಡಿಮೆ.

ಎರಡು ತಿಂಗಳ ಸಂಬಳ ಬಾಕಿಯಾದರೆ, ಹದಿನೈದು ದಿನದ ನೋಟಿಸ್ ಕೊಟ್ಟು ಒಪ್ಪಂದ ಮುರಿಯಬಹುದು ಎಂದು ಫಿಫಾ ನಿಯಮವಿದೆ. ಕಾಗದದ ಮೇಲೆ ಚೆಂದ. ಮುರಿದುಕೊಂಡು ಹೋಗುವುದೆಲ್ಲಿಗೆ? 2006ರಲ್ಲಿ ಬೈಚುಂಗ್ ಭುಟಿಯಾ ಮುಂದಾಗಿ ಕಟ್ಟಿದ ಆಟಗಾರರ ಸಂಘವೂ ಇದೆ. ಸಂಘ ಪತ್ರ ಬರೆಯಬಹುದು, ಸಂಬಳ ಕೊಡಲಾರದು. ಹಾಗಾಗಿ ನನ್ನ ಸಲಹೆ: ಸೀಸನ್‌ನ ಮೊದಲ ವಿಸಲ್ ಊದುವ ಮುಂಚೆಯೇ ಪ್ರತಿ ಕ್ಲಬ್ಬೂ ಇಡೀ ತಂಡದ ಮೂರು ತಿಂಗಳ ಸಂಬಳವನ್ನು ಫೆಡರೇಷನ್ ಹತ್ತಿರ ಠೇವಣಿ ಇಡಲಿ. ಆಡುವಾಗ ಬಿದ್ದ ಪೆಟ್ಟಿಗೆ, ಒಪ್ಪಂದ ಮುಗಿದರೂ ಕಾಲು ಸರಿಯಾಗುವವರೆಗೆ ಚಿಕಿತ್ಸೆ, ಸಂಬಳ ಎರಡನ್ನೂ ಕೊಡಲಿ. ಇಷ್ಟೂ ಆಗದ ಕ್ಲಬ್ಬು ವಿದೇಶದಿಂದ ಒಬ್ಬ ಫಾರ್ವರ್ಡ್‌ನನ್ನು ಕಡಿಮೆ ತರಲಿ.

ಮೊನ್ನೆ ಆಸ್ಟಿನ್ ಟೌನ್ ಗ್ರೌಂಡಿನಲ್ಲಿ ಒಬ್ಬ ಹುಡುಗ ಸಿಕ್ಕಿದ್ದ. ಇಪ್ಪತ್ತೊಂದು ವರ್ಷ, ಎತ್ತರ ಚೆನ್ನಾಗಿದೆ, ಎಡಗಾಲು ಸ್ವಲ್ಪ ಮೊಂಡು. ಸ್ಟಾಪರ್. ರಾತ್ರಿ ಸ್ಕೂಟರ್‌ನಲ್ಲಿ ಊಟ ಡೆಲಿವರಿ ಮಾಡುತ್ತಾನೆ. ಹೊರರಾಜ್ಯದ ಒಂದು ಸಣ್ಣ ಕ್ಲಬ್ಬು ಕರೆದಿದೆಯಂತೆ, ಒಂಬತ್ತು ತಿಂಗಳಿಗೆ. ಒಪ್ಪಂದ ಮೊಬೈಲ್‌ನಲ್ಲಿತ್ತು. ಕನ್ನಡಕ ಹಾಕಿಕೊಂಡು ಓದಿದೆ. ತಡವಾಗಿ ಬಂದರೆ ಎಷ್ಟು ದಂಡ, ಜರ್ಸಿ ಕಳೆದರೆ ಎಷ್ಟು, ಕ್ಲಬ್ಬಿನ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದರೆ ಎಷ್ಟು, ಎಲ್ಲ ಇತ್ತು. ಮೊಣಕಾಲಿನ ಮಾತು ಎಲ್ಲೂ ಇರಲಿಲ್ಲ. ಮೇಲಿನಿಂದ ಕೆಳಗೆ ಇನ್ನೊಂದು ಸಲ ನೋಡಿದೆ.

‘ಸೈನ್ ಮಾಡ್ಲಾ ಅಂಕಲ್?’ ಅಂದ.

ಮಾಡು ಅಂದೆ. ನಾನಾದರೂ ಮಾಡುತ್ತಿದ್ದೆ.