ವಂಶಾವಳಿಯನ್ನು ಹಾರಿಸಿ ಓದಬೇಡಿ

ಪೂರ್ವಕಾಲವೃತ್ತಾಂತದ ಹೆಸರುಗಳ ಪಟ್ಟಿಯನ್ನು ಬಿಟ್ಟು ಕೀರ್ತನೆಗಳನ್ನು ಓದಿದರೆ ಸಾಕು, ದೇವರ ವಾಗ್ದಾನವೆಲ್ಲ ಅಲ್ಲೇ ಇದೆ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಖಂಡಿತ ಒಪ್ಪಲಾರೆ. ವಾಗ್ದಾನದ ಹಾಡು ಕೀರ್ತನೆಗಳಲ್ಲಿದೆ, ನಿಜ. ಅದು ನೆರವೇರಿದ ಲೆಕ್ಕ ಇರುವುದು ಈ ಪಟ್ಟಿಗಳಲ್ಲಿ.

ಮೊದಲನೆಯ ಪೂರ್ವಕಾಲವೃತ್ತಾಂತದ 3ನೇ ಅಧ್ಯಾಯ ತೆರೆದು ನೋಡಿ. ಕ್ರಿ.ಪೂ. 597ರಲ್ಲಿ ಬಾಬೆಲಿಗೆ ಸೆರೆಹೋದ ಅರಸ ಯೆಹೋಯಾಖೀನನ ಏಳು ಮಕ್ಕಳ ಹೆಸರು ಅಲ್ಲಿದೆ. ಸಿಂಹಾಸನ ಹೋಯಿತು, ದೇವಾಲಯ ಸುಟ್ಟುಹೋಯಿತು. ದಾವೀದನಿಗೆ ಕೊಟ್ಟ ಮಾತೂ ಮುಗಿಯಿತೆಂದೇ ಜನ ತಿಳಿದಿರಬೇಕು. ಆದರೆ ಬಾಬೆಲಿನ ಅವಶೇಷಗಳಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಯೆಹೂದದ ಈ ಅರಸನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಪಡಿಯ ಲೆಕ್ಕವಿದೆ. ಶತ್ರುವಿನ ಉಗ್ರಾಣದಿಂದಲೇ ದಾವೀದನ ವಂಶಕ್ಕೆ ಅನ್ನ! ಸೆರೆಯ 37ನೇ ವರ್ಷದಲ್ಲಿ ಅವನಿಗೆ ಬಿಡುಗಡೆಯೂ ಆಯಿತು. ಎರಡನೆಯ ಅರಸುಗಳು ಮುಗಿಯುವುದೇ ಅಲ್ಲಿ.

ಯೆಹೋಯಾಖೀನನು ತನ್ನ ಬಲಗೈಯ ಮುದ್ರೆಯುಂಗುರವಾಗಿದ್ದರೂ ಕಿತ್ತೆಸೆಯುತ್ತಿದ್ದೆ ಎಂದು ದೇವರು ಯೆರೆಮೀಯನ ಬಾಯಿಂದ ಹೇಳಿಸಿದ್ದನು. ಮುಂದೆ ಹಗ್ಗಾಯನ ಮೂಲಕ ಜೆರುಬ್ಬಾಬೆಲನನ್ನು ಅದೇ ಮುದ್ರೆಯುಂಗುರದಂತೆ ಮಾಡುವೆನೆಂದನು. ಜೆರುಬ್ಬಾಬೆಲ ಯಾರ ಮೊಮ್ಮಗ? ಉತ್ತರ ಇರುವುದು ಲೇಖಕರು ಹಾರಿಸಲು ಹೇಳಿದ ಆ ಪುಟದಲ್ಲೇ. ಅದನ್ನು ಬಿಟ್ಟವರಿಗೆ ಹಗ್ಗಾಯನ ಮಾತಿನ ತೂಕ ಹೇಗೆ ತಿಳಿದೀತು?