ತೆಂಗಿನ ಸೀಮೆಗೆ ಬಂದ ಎರಡು ವಲಸೆಗಳು

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಹರಾಜಿನ ದಿನ ಸ್ವಲ್ಪ ಹೊತ್ತು ನಿಂತರೆ, ಪರಸ್ಥಳದಿಂದ ಬಂದವರನ್ನು ಕುರಿತು ಎರಡು ದೂರುಗಳು ಕಿವಿಗೆ ಬೀಳುತ್ತವೆ. ರಾಜಸ್ಥಾನ, ಗುಜರಾತುಗಳ ಕಡೆಯಿಂದ ಬಂದ ವರ್ತಕರು ನಮ್ಮ ಕೊಬ್ಬರಿಯಿಂದ ಶ್ರೀಮಂತರಾದರೆಂಬುದು ಒಂದು. ಬಿಹಾರ, ಒಡಿಶಾ, ಅಸ್ಸಾಮುಗಳಿಂದ ಬಂದ ಕೂಲಿಗಳು ನಮ್ಮವರ ಕೆಲಸವನ್ನು ಕಸಿದುಕೊಂಡರೆಂಬುದು ಇನ್ನೊಂದು. ಒಂದೇ ಊರನ್ನು, ಒಂದೇ ಬೆಳೆಯನ್ನು ನಂಬಿ ಬಂದ ಈ ಎರಡು ಸಮುದಾಯಗಳಲ್ಲಿ ಒಂದು ಕೆಲವೇ ತಲೆಮಾರುಗಳೊಳಗೆ ಮನೆ, ಮಳಿಗೆ, ಗೋದಾಮುಗಳ ಒಡೆತನವನ್ನು ಪಡೆದು ನೆಲೆನಿಂತಿರುವಾಗ, ಮತ್ತೊಂದು ವರ್ಷಗಟ್ಟಲೆ ದುಡಿದ ಮೇಲೆಯೂ ಒಂದು ಕೊಠಡಿಯ ಮೂಲೆಯಲ್ಲಿ ಹಾಸಿಗೆ ಸುತ್ತಿಡುವಷ್ಟು ಜಾಗವನ್ನಲ್ಲದೆ ಬೇರೇನನ್ನೂ ತನ್ನದೆನ್ನಲಾರದೆ ಉಳಿದಿರುವುದೇಕೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿದಂತಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ನಾವೆಲ್ಲರೂ ಅದನ್ನು ಕೇಳಿಕೊಳ್ಳಲೇಬೇಕೆಂದು ನಾನು ಭಾವಿಸುತ್ತೇನೆ; ಏಕೆಂದರೆ ಅದರ ಉತ್ತರವು ಬಂದವರ ಗುಣಾವಗುಣಗಳಿಗಿಂತ ಅವರು ಬಂದ ಮಾರ್ಗದಲ್ಲಿದೆ, ಮತ್ತು ಆ ಮಾರ್ಗವನ್ನು ತಿದ್ದುವ ಶಕ್ತಿ ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ.

ಮೊದಲು ವರ್ತಕರ ವಿಷಯ. ಮರದಿಂದ ಇಳಿಸಿದ ಕಾಯಿಯನ್ನು ಅಟ್ಟಕ್ಕೇರಿಸಿ, ಎಂಟು ತಿಂಗಳಿಂದ ಒಂದು ವರ್ಷದವರೆಗೆ ಹಾಗೆಯೇ ಬಿಟ್ಟು, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು ಅಲುಗಿಸಿದರೆ ಸದ್ದು ಮಾಡುವ ವೇಳೆಗೆ ಅದನ್ನು ಸುಲಿದು ಒಡೆದು ತೆಗೆಯುವ ಉಂಡೆ ಕೊಬ್ಬರಿಯು ನಮ್ಮ ಸೀಮೆಯ ಹೆಸರನ್ನು ದೇಶಕ್ಕೆಲ್ಲ ಹರಡಿತಾದರೂ, ಅದನ್ನು ಹಬ್ಬಕ್ಕೆ, ಮದುವೆಗೆ, ಚಳಿಗಾಲದ ಸಿಹಿತಿಂಡಿಗೆ ವಿಶೇಷವಾಗಿ ಕೊಳ್ಳುವವರು ಉತ್ತರದವರು. ಯಾವ ಊರಿಗೆ ಯಾವ ಮಾಸದಲ್ಲಿ ಎಂತಹ ಗಾತ್ರದ, ಎಂತಹ ಬಣ್ಣದ ಕೊಬ್ಬರಿ ಬೇಕೆಂಬುದನ್ನು ಬಲ್ಲವನಿಗೆ ಈ ಮಾರುಕಟ್ಟೆಯಲ್ಲಿ ಸ್ಥಾನವಿರುವುದು ಸಹಜ. ಹೊಸದಾಗಿ ಬಂದ ವರ್ತಕನಾದರೋ ಬಂಧುವೊಬ್ಬನ ಮಂಡಿಯಲ್ಲಿ ಲೆಕ್ಕ ಬರೆದು, ಮಾಲು ನೋಡುವುದನ್ನು ಕಲಿತು, ಬಳಗದವರಿಂದಲೇ ಮೂಲಧನವನ್ನು ಕಡವಾಗಿ ಪಡೆದು ತನ್ನ ವ್ಯಾಪಾರವನ್ನು ಆರಂಭಿಸುತ್ತಾನೆ. ಅವನ ಶ್ರಮ, ಮಿತವ್ಯಯ, ಮಾತಿನ ನಂಬಿಕೆ ಇವುಗಳನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಅವನಿಗೆ ಕಾಯುವ ಅನುಕೂಲವೂ ಇತ್ತೆಂಬುದನ್ನು ಮರೆಯಲಾಗದು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿದರು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಪೇಟೆಯ ಧಾರಣೆ ಅದರ ಇಮ್ಮಡಿಯನ್ನೂ ಮೀರಿತು. ಇಂತಹ ಏರಿಳಿತದಲ್ಲಿ ಗೋದಾಮೂ ಸಾಲವೂ ಉಳ್ಳವನು ಕಾಯಬಲ್ಲನು, ಕಾದು ಗಳಿಸಬಲ್ಲನು.

ಇನ್ನು ಎರಡನೆಯ ವಲಸೆ. ಜನರು ಪೌಡರ್ ಫ್ಯಾಕ್ಟರಿ ಎಂದು ಕರೆಯುವ, ಹಸಿಕಾಯಿಯ ತಿರುಳನ್ನು ಪುಡಿಮಾಡಿ ಒಣಗಿಸಿ ಬಿಸ್ಕತ್ತು ಮಿಠಾಯಿಗಳ ತಯಾರಕರಿಗೆ ಕಳುಹಿಸುವ ಕಾರ್ಖಾನೆಯೊಂದರೊಳಗೆ ಬೆಳಗಿನ ಹೊತ್ತು ಹೋಗಿ ನೋಡಬೇಕು. ಒಬ್ಬನು ಸುಲಿದ ಕಾಯಿಯನ್ನು ಅಂಗೈಯಲ್ಲಿ ತಿರುಗಿಸುತ್ತ, ಒಳಗಿನ ತಿರುಳು ಮುರಿಯದಂತೆ ಚಿಪ್ಪನ್ನಷ್ಟೇ ಚಕ್ಕೆಚಕ್ಕೆಯಾಗಿ ಹಾರಿಸುತ್ತಾನೆ. ಪಕ್ಕದ ಸಾಲಿನಲ್ಲಿ ಕುಳಿತವರು ಆ ತಿರುಳಿಗೆ ಅಂಟಿದ ಕಂದು ಸಿಪ್ಪೆಯನ್ನು ಚೂರಿಯಿಂದ ಹೆರೆದು, ಹಾಲಿನಂತೆ ಬಿಳುಪಾದ ಉಂಡೆಯನ್ನು ನೀರಿನ ತೊಟ್ಟಿಗೆ ಹಾಕುತ್ತಾರೆ. ನೆಲವೆಲ್ಲ ಕಾಯಿನೀರಿನಿಂದ ತೊಯ್ದು ಜಾರುತ್ತಿರುತ್ತದೆ. ಗಂಟೆಗಟ್ಟಲೆ ಅದರಲ್ಲಿ ನೆನೆದ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಚೂರಿ ತಾಗಿದ ಗಾಯಕ್ಕೆ ಸುತ್ತಿದ ಬಟ್ಟೆಯೂ ತೊಯ್ದೇ ಇರುತ್ತದೆ. ಇವರ ಕೂಲಿ ಹೆಚ್ಚಾಗಿ ಕಾಯಿಯ ಲೆಕ್ಕದ ಮೇಲೆ. ಮೇಸ್ತ್ರಿಯೊಬ್ಬನು ಕೊಟ್ಟ ಮುಂಗಡವನ್ನು ಊರಿನಲ್ಲಿ ಮನೆಯವರ ಕೈಗಿತ್ತು, ರೈಲು ಹತ್ತಿ ಬಂದ ತರುಣನು ಮೊದಲ ತಿಂಗಳುಗಳಲ್ಲಿ ದುಡಿಯುವುದು ಆ ಋಣ ತೀರಿಸಲಿಕ್ಕೆ. ಜ್ವರ ಬಂದು ಮಲಗಿದ ದಿನ ಕೂಲಿಯಿಲ್ಲ. ಕಾಯಿ ದುಬಾರಿಯಾಗಿ ಕಾರ್ಖಾನೆ ನಿಂತ ವಾರವೂ ಕೂಲಿಯಿಲ್ಲ. ಕೊಬ್ಬರಿಯ ಧಾರಣೆ ಏರಿದಾಗ ರೈತನಿಗೆ ಸಂತೋಷ, ಸಂಗ್ರಹಿಸಿಟ್ಟ ವರ್ತಕನಿಗೆ ಲಾಭ. ಹಸಿಕಾಯಿ ಸಿಕ್ಕದೆ ಕೆಲಸ ಕುಗ್ಗುವುದರಿಂದ ಇವನಿಗೆ ಮಾತ್ರ ಅದೇ ಏರಿಕೆ ನಷ್ಟವಾಗಿ ಪರಿಣಮಿಸುತ್ತದೆ.

ಈ ಇಬ್ಬರ ನಡುವಣ ಅಂತರವನ್ನು ಬಿಡಿಸಿ ನೋಡಿದರೆ ಸಾಲ, ದಾಖಲೆ, ಬಳಗ ಎಂಬ ಮೂರು ಅಂಶಗಳು ಕಾಣುತ್ತವೆ. ವರ್ತಕನ ಮೊದಲ ಸಾಲ ಬಂಧುವಿನದು. ವ್ಯಾಪಾರ ಕೆಟ್ಟರೆ ಗಡುವು ಮುಂದಕ್ಕೆ ಹೋಗುತ್ತದೆ. ಕೂಲಿಯ ಮೊದಲ ಸಾಲ ಮೇಸ್ತ್ರಿಯದು. ಅದು ವಾರವಾರವೂ ಬಟವಾಡೆಯಲ್ಲಿಯೇ ಮುರಿದುಹೋಗುತ್ತದೆ. ವರ್ತಕನ ವ್ಯವಹಾರಕ್ಕೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪರವಾನಗಿ, ತೂಕದ ಚೀಟಿ, ಬ್ಯಾಂಕಿನ ಖಾತೆ, ತೆರಿಗೆಯ ನೋಂದಣಿ ಎಲ್ಲವೂ ಸಾಕ್ಷಿಗಳಾಗಿ ನಿಲ್ಲುತ್ತವೆ, ಮತ್ತು ಅವೇ ಮುಂದೆ ದೊಡ್ಡ ಸಾಲಕ್ಕೆ ಆಧಾರವಾಗುತ್ತವೆ. ಕೂಲಿಯವನ ವ್ಯವಹಾರವೆಲ್ಲ ಬಾಯಿಮಾತಿನದಾದುದರಿಂದ, ಹತ್ತು ವರ್ಷ ದುಡಿದರೂ ದುಡಿದನೆಂಬುದಕ್ಕೆ ಒಂದು ಹಾಳೆಯ ಆಧಾರವಿರುವುದಿಲ್ಲ. ವರ್ತಕನು ಸಂಸಾರವನ್ನು ಕರೆತಂದು, ಮಕ್ಕಳನ್ನು ಇಲ್ಲಿಯ ಶಾಲೆಗೆ ಸೇರಿಸಿದನು. ಆ ಮಕ್ಕಳು ನಮ್ಮ ಮಕ್ಕಳೊಡನೆ ಕನ್ನಡವಾಡುತ್ತ ಬೆಳೆದು ಈ ಊರಿನವರೇ ಆದರು. ಕೂಲಿಯವನು ಸಂಸಾರವನ್ನು ಬಿಟ್ಟುಬಂದು, ತನ್ನಂತಹ ಐದಾರು ಜನರೊಡನೆ ಒಂದು ಕೊಠಡಿಯಲ್ಲಿದ್ದು, ಊರಿನ ಭಾಷೆಯನ್ನು ಕಲಿಯುವ ಮೊದಲೇ ಬೇರೊಂದು ಊರಿಗೆ ಸಾಗಿಹೋಗುತ್ತಾನೆ. ಒಬ್ಬನ ದುಡಿಮೆ ಸಂಚಯವಾಗುವ ದುಡಿಮೆ. ಇನ್ನೊಬ್ಬನದು ಪ್ರತಿ ಹೊಸ ಊರಿನಲ್ಲಿಯೂ ಮೊದಲಿನಿಂದ ಆರಂಭವಾಗಬೇಕಾದ ದುಡಿಮೆ.

ಬಂದ ಮಾರ್ಗವೇ ಬಾಳನ್ನು ನಿರ್ಣಯಿಸುವುದೆಂಬುದಕ್ಕೆ ಚರಿತ್ರೆಯಲ್ಲಿ ಪ್ರಬಲವಾದ ನಿದರ್ಶನಗಳಿವೆ. ಪೂರ್ವ ಆಫ್ರಿಕದಿಂದ ನಮ್ಮ ದೇಶಕ್ಕೆ ಬಂದ ಸಿದ್ದಿಗಳನ್ನೇ ನೋಡಬಹುದು. ಇಥಿಯೋಪಿಯದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಗುಲಾಮನಾಗಿ ಮಾರಲ್ಪಟ್ಟು ದಖ್ಖಣಕ್ಕೆ ಬಂದ ಮಲಿಕ್ ಅಂಬರನು ಅಹಮದನಗರ ರಾಜ್ಯದ ಸೈನ್ಯದಲ್ಲಿ ಸ್ಥಾನ ಪಡೆದು, ಆ ರಾಜ್ಯದ ಸೂತ್ರವನ್ನೇ ಹಿಡಿದು, 1626ರಲ್ಲಿ ಮರಣ ಹೊಂದುವವರೆಗೂ ಮೊಗಲರನ್ನು ಎದುರಿಸಿ ನಿಂತನು. ಜಂಜೀರದ ಸಿದ್ದಿಗಳು ಕೊಂಕಣದ ಕಡಲ ದುರ್ಗವನ್ನು ಹಿಡಿದು, ಸ್ವಾತಂತ್ರ್ಯ ಬರುವವರೆಗೂ ಸಂಸ್ಥಾನಾಧಿಪತಿಗಳಾಗಿದ್ದರು. ಅದೇ ಖಂಡದಿಂದ, ಪೋರ್ಚುಗೀಸರ ಗೋವೆಯ ದಾರಿಯಾಗಿ ಮನೆಗೆಲಸದ, ತೋಟದ ಗುಲಾಮರಾಗಿ ಬಂದವರ ಸಂತತಿಯಾದರೋ ಘಟ್ಟದ ಅರಣ್ಯಕ್ಕೆ ಓಡಿಬಂದು, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಿನ ಅಂಚಿನಲ್ಲಿ ಪರರ ಹೊಲತೋಟಗಳಲ್ಲಿ ಕೂಲಿಮಾಡಿಕೊಂಡು ತಲೆಮಾರುಗಳನ್ನು ಕಳೆಯಿತು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತುದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿಯವರು, ರಾಜ್ಯದ ವಿಧಾನ ಪರಿಷತ್ತನ್ನು ಪ್ರವೇಶಿಸಿದುದು 2020ರಲ್ಲಿ. ಸಾಹಸದಲ್ಲಿ ಈ ಎರಡು ಶಾಖೆಗಳ ನಡುವೆ ಭೇದವಿರಲಿಲ್ಲ. ಸೈನ್ಯದ ದಾಸ್ಯದಲ್ಲಿ ಪದವಿಗೂ ಭೂಮಿಗೂ ಏರುವ ಮೆಟ್ಟಿಲುಗಳಿದ್ದವು. ತೋಟದ ದಾಸ್ಯದಲ್ಲಿ ಅವು ಇರಲಿಲ್ಲ.

ನಮ್ಮವರು ಆಫ್ರಿಕಕ್ಕೆ ಹೋದಾಗಲೂ ಇದೇ ನಡೆಯಿತು. ಮೊಂಬಾಸದಿಂದ ವಿಕ್ಟೋರಿಯ ಸರೋವರದವರೆಗೆ 1896ರಿಂದ 1901ರವರೆಗೆ ರೈಲುದಾರಿಯನ್ನು ಹಾಕಲು ಬ್ರಿಟಿಷರು ಕರೆದೊಯ್ದ ಸುಮಾರು 32,000 ಕೂಲಿಗಳಲ್ಲಿ, ಬಹುಮಂದಿ ಪಂಜಾಬಿನವರು, ಸುಮಾರು 2,500 ಮಂದಿ ಅಲ್ಲಿಯೇ ಮಡಿದರು; ಉಳಿದವರಲ್ಲಿ ಹೆಚ್ಚಿನವರು ಕರಾರು ಮುಗಿದೊಡನೆ ಹಿಂದಿರುಗಿದರು. ಅದೇ ಕಾಲದಲ್ಲಿ, ಅದೇ ದಾರಿಯುದ್ದಕ್ಕೂ, ಕಚ್ಛದಿಂದ ಹೋದ ಅಲ್ಲಿದಿನ ವಿಶ್ರಾಮ್ ಮೊದಲಾದ ವರ್ತಕರು ಅಂಗಡಿಯ ಮೇಲೆ ಅಂಗಡಿ ತೆರೆದು ಸಂಪನ್ನರಾದರು. ಆದರೂ ಆ ಕಥೆಯ ಮುಂದಿನ ಅಧ್ಯಾಯವನ್ನು ನಮ್ಮ ಪೇಟೆಯ ವರ್ತಕರು ಮನಸ್ಸಿಗೆ ತಂದುಕೊಳ್ಳುವುದೊಳ್ಳೆಯದು. 1972ರ ಆಗಸ್ಟಿನಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನನು ಅಲ್ಲಿಯ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟು ದೇಶದಿಂದ ಹೊರಡಿಸಿದಾಗ, ಗಿರಣಿ, ಮಳಿಗೆ, ಬಂಗಲೆಗಳೆಲ್ಲವೂ ಹಿಂದೆಯೇ ಉಳಿದವು. ಸ್ಥಳೀಯರ ಕಣ್ಣಿನಲ್ಲಿ ಪರಕೀಯರಾಗಿಯೇ ಉಳಿದವರ ಸಂಪತ್ತು ಎಷ್ಟೇ ಬೆಳೆದರೂ ಭದ್ರವಲ್ಲವೆಂಬುದನ್ನು ಅದು ತೋರಿಸಿತು. ಹಣವಿಲ್ಲದ ವಲಸೆಗಾರನಿಗೂ ಹಣವುಳ್ಳ ವಲಸೆಗಾರನಿಗೂ ಕೊನೆಗೆ ಬೇಕಾದುದು ಒಂದೇ: ತಾನಿರುವ ಊರು ತನ್ನನ್ನು ಲೆಕ್ಕಕ್ಕೆ ಹಿಡಿಯುವುದು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಹೊರಗಿನ ಕೂಲಿಗಳು ಬಂದುದರಿಂದ ನಮ್ಮ ಹಳ್ಳಿಯ ಹೆಂಗಸರ, ಭೂಮಿಯಿಲ್ಲದವರ ಕೂಲಿಯ ದರ ಇಳಿಯಿತೆಂಬುದು ಆ ಆಕ್ಷೇಪಣೆ. ಅದನ್ನಾಡುವವರ ಕಷ್ಟ ನಿಜವಾದುದು, ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ದರವನ್ನು ಇಳಿಸಿದುದು ಹೊರಗಿನವನ ಆಗಮನವೋ, ಅಥವಾ ಅವನಿಗೆ ಕನಿಷ್ಠ ಕೂಲಿಯನ್ನು ಕೊಡದೆ ದುಡಿಸಿಕೊಳ್ಳಬಹುದಾದ ಸ್ಥಿತಿಯೋ ಎಂಬುದನ್ನು ವಿಚಾರಿಸಬೇಕು. ಲೆಕ್ಕವಿಲ್ಲದ ಕೂಲಿ ಅವನ ಪಕ್ಕದಲ್ಲಿಯೇ ಕುಳಿತು ಸಿಪ್ಪೆ ಹೆರೆಯುವ ನಮ್ಮೂರ ಹೆಂಗಸಿನ ದರವನ್ನೂ ಕೆಳಗೆಳೆಯುತ್ತದೆ. ಅವನಿಗೆ ಬರೆದಿಟ್ಟ ನ್ಯಾಯವಾದ ಕೂಲಿ ದೊರೆತರೆ, ಅವಳ ಕೂಲಿಯೂ ಅದರೊಡನೆ ಏರುತ್ತದೆ. ಸಣ್ಣ ಕಾರ್ಖಾನೆಯ ಮಾಲೀಕನೂ ಧಾರಣೆಯ ಏರಿಳಿತಕ್ಕೆ ಸಿಕ್ಕಿದವನೇ ಎಂಬುದು ಸತ್ಯ. ಆದರೆ ಎಲ್ಲ ಕಾರ್ಖಾನೆಗಳಿಗೂ ಒಂದೇ ನಿಯಮವಾದಾಗ, ನ್ಯಾಯವಾಗಿ ನಡೆಯುವವನಿಗೆ ಅನ್ಯಾಯವಾಗಿ ನಡೆಯುವವನ ಪೈಪೋಟಿಯ ಭಯ ತಪ್ಪುತ್ತದೆ.

ಮಾಡಬೇಕಾದುದು ಅಸಾಧ್ಯವೇನೂ ಅಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿಯೇ ಮಾಡಿದ ಕಾನೂನು, ಗುತ್ತಿಗೆದಾರನ ಮೂಲಕ ಬಂದವನ ಕೈಯಲ್ಲಿ ಕೂಲಿಯ ವಿವರವುಳ್ಳ ಪಾಸುಪುಸ್ತಕವಿರಬೇಕೆಂದು, ಅವನಿಗೆ ಪ್ರಯಾಣದ ಭತ್ಯೆಯನ್ನೂ ಯೋಗ್ಯವಾದ ವಸತಿಯನ್ನೂ ಕೊಡಬೇಕೆಂದು ವಿಧಿಸಿತ್ತು. 2020ರ ಕಾರ್ಮಿಕ ಸಂಹಿತೆಯಲ್ಲಿ ಅದು ವಿಲೀನವಾದರೂ ಹೊಣೆ ಅಳಿದಿಲ್ಲ. 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ ಇದೆ. ಯಾವ ರಾಜ್ಯದ ಪಡಿತರ ಚೀಟಿಯನ್ನಾದರೂ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ತೋರಿಸಿ ಧಾನ್ಯ ಪಡೆಯುವ ವ್ಯವಸ್ಥೆ ಇದೆ. ಇವು ಕಾಗದದಿಂದ ಕಾರ್ಖಾನೆಯ ಬಾಗಿಲಿಗೆ ಬರಬೇಕಾದರೆ, ಮೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ತಮ್ಮ ಎಲ್ಲೆಯೊಳಗಿನ ಪುಡಿ ಕಾರ್ಖಾನೆ, ನಾರಿನ ಘಟಕ, ಚಿಪ್ಪಿನ ಇದ್ದಿಲ ಗೂಡುಗಳಲ್ಲಿ ದುಡಿಯುವವರ ಪಟ್ಟಿಯನ್ನು ಇಡಬೇಕು. ಮಾಲೀಕರು ವಾರದ ಬಟವಾಡೆಯನ್ನು ಬ್ಯಾಂಕಿನ ಮೂಲಕ ಮಾಡಿ, ಕಾಯಿಯ ಎಣಿಕೆಯೂ ದರವೂ ಇರುವ ಚೀಟಿಯನ್ನು ಕೊಡಬೇಕು. ಕಾರ್ಮಿಕ ಇಲಾಖೆ ವರ್ಷಕ್ಕೊಮ್ಮೆಯಾದರೂ ಆ ಚೀಟಿಗಳನ್ನು ಪರಿಶೀಲಿಸಬೇಕು. ಸಂಸಾರ ತಂದವರ ಮಕ್ಕಳನ್ನು ವರ್ಷದ ನಡುವೆ ಬಂದರೂ ಸರ್ಕಾರಿ ಶಾಲೆಗಳು ಸೇರಿಸಿಕೊಳ್ಳಬೇಕು. ಸಂಜೆಯ ಹೊತ್ತು ದೊಡ್ಡವರಿಗೆ ಕನ್ನಡ ಕಲಿಸಲು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಮುಂದೆ ಬರಬೇಕು. ನೆಲದ ಭಾಷೆ ಬಾರದವನಿಗೆ ತನಗೆ ಸಲ್ಲಬೇಕಾದುದನ್ನು ಕೇಳುವ ಬಾಯಿಯೇ ಇರುವುದಿಲ್ಲ.

ಇಷ್ಟನ್ನು ಮಾಡದೆ ಬಿಟ್ಟರೆ ಏನಾಗುವುದೆಂಬುದನ್ನು ನಾವು 2020ರಲ್ಲಿ ಕಂಡೆವು. ಲಾಕ್‌ಡೌನಿನ ಆ ಬೇಸಿಗೆಯಲ್ಲಿ, ಊರಿಗೆ ಹೊರಟ ಕಾರ್ಮಿಕರ ರೈಲುಗಳನ್ನು ನಮ್ಮ ರಾಜ್ಯ ಸರ್ಕಾರವು ಒಮ್ಮೆ ರದ್ದುಗೊಳಿಸಿ, ದೇಶದ ಆಕ್ಷೇಪಣೆಗೆ ಗುರಿಯಾದ ಮೇಲೆ ಮತ್ತೆ ಬಿಟ್ಟಿತು. ಯಾರು ಎಲ್ಲಿದ್ದಾರೆ, ಎಷ್ಟು ಮಂದಿಯಿದ್ದಾರೆ, ಏನು ತಿನ್ನುತ್ತಿದ್ದಾರೆ ಎಂಬುದರ ಲೆಕ್ಕ ಯಾರ ಬಳಿಯೂ ಇರಲಿಲ್ಲ. ನಮ್ಮ ತಾಲ್ಲೂಕುಗಳ ಸಹಸ್ರಾರು ತರುಣರೂ ಇಂದು ಬೆಂಗಳೂರಿನ ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ ದುಡಿಯುತ್ತಿರುವಾಗ, ಪರಸ್ಥಳದಲ್ಲಿರುವ ಮಗನಿಗೆ ಯಾವ ಆದರವನ್ನು ಬಯಸುತ್ತೇವೆಯೋ ಅದನ್ನೇ ನಮ್ಮೂರಿಗೆ ಬಂದ ಪರರ ಮಗನಿಗೆ ಸಲ್ಲಿಸುವುದು ನ್ಯಾಯ. ಈ ಕಾರ್ಯದಲ್ಲಿ ನೆಲೆನಿಂತ ವರ್ತಕ ಸಮುದಾಯವೇ ಮೊದಲ ಹೆಜ್ಜೆಯಿಡಬೇಕೆಂದು ನಾನು ಆಗ್ರಹದಿಂದ ಕೋರುತ್ತೇನೆ. ಮಾರುಕಟ್ಟೆ ಸಮಿತಿಯೊಡನೆ ಸೇರಿ ಅವರು ಕೂಲಿಗಳಿಗಾಗಿ ಶುಚಿಯಾದ ಒಂದು ವಸತಿಗೃಹವನ್ನೂ ನೋಂದಣಿಗೆ ನೆರವಾಗುವ ಒಂದು ಕೊಠಡಿಯನ್ನೂ ತೆರೆದರೆ, ಅದು ದಾನವೆನಿಸಬೇಕಾಗಿಲ್ಲ. ಅವರ ಅಜ್ಜನಿಗೆ ಈ ಊರಿನಲ್ಲಿ ಬಂಧುವಿನ ಮಂಡಿಯೊಂದು ಆಸರೆಯಾಗಿ ದೊರೆತಿತ್ತು. ಬಂಧುಗಳಿಲ್ಲದೆ ಬಂದವನಿಗೆ ಆ ಆಸರೆಯನ್ನು ಊರೇ ಒದಗಿಸಬೇಕು. ತೆಂಗಿನಿಂದ ಬಾಳುವ ನಾವೆಲ್ಲರೂ, ರೈತರೂ, ವರ್ತಕರೂ, ಮಾಲೀಕರೂ, ಇದನ್ನು ನಮ್ಮ ಋಣವೆಂದು ಒಪ್ಪಿಕೊಂಡು ಈ ವರ್ಷವೇ ಕೈಹಾಕತಕ್ಕದ್ದು.